ಸರ್ವರ್ ಮೆಮೊರಿ ಕೆಟ್ಟಾಗ 'ಎಲ್ಲ ಸರಿ' ಎಂದ ಲಿನಕ್ಸ್: ಏನಿದು ರಿಟರ್ನ್ ವ್ಯಾಲ್ಯೂ ಗೊಂದಲ, ಸರಿಪಡಿಸಿದ್ದು ಹೇಗೆ?

ನವಿ ಮುಂಬೈ: ಡೊಂಬಿವಲಿ, ಕಲ್ಯಾಣ್‌ನಿಂದ ಬೆಳಗ್ಗೆ ಲೋಕಲ್ ಹತ್ತಿ, ಥಾಣೆಯಲ್ಲಿ ಇಳಿದು ಟ್ರಾನ್ಸ್ ಹಾರ್ಬರ್ ಗಾಡಿ ಹಿಡಿಯುವ ಐಟಿ ಉದ್ಯೋಗಿಗಳಲ್ಲಿ ಕನ್ನಡಿಗರೂ ಸಾಕಷ್ಟು ಮಂದಿ ಇದ್ದಾರೆ. ಅವರು ಇಳಿಯುವ ಐರೋಲಿ, ರಬಾಳೆ, ಮಹಾಪೆ ಭಾಗದಲ್ಲಿ ದೇಶದ ಹಲವು ದೊಡ್ಡ ಡೇಟಾ ಸೆಂಟರ್‌ಗಳಿವೆ. ಪನ್ವೇಲ್‌ನಲ್ಲಿ ಯೋಟ್ಟಾ ಸಂಸ್ಥೆಯ ಬೃಹತ್ ಡೇಟಾ ಸೆಂಟರ್ 2020ರಲ್ಲಿ ಆರಂಭವಾಯಿತು. ನಾವು ಮೊಬೈಲ್‌ನಲ್ಲಿ ಮಾಡುವ ಪಾವತಿ, ನೋಡುವ ವಿಡಿಯೊ, ಕಾಯ್ದಿರಿಸುವ ಟಿಕೆಟ್ ಎಲ್ಲದರ ಹಿಂದೆ ಇಂಥ ಕಟ್ಟಡಗಳಲ್ಲಿರುವ ಸಾವಿರಾರು ಸರ್ವರ್‌ಗಳು ಹಗಲು ರಾತ್ರಿ ಓಡುತ್ತಿರುತ್ತವೆ.

2020ರ ಅಕ್ಟೋಬರ್ 12ರಂದು ಮುಂಬೈ, ಥಾಣೆ, ನವಿ ಮುಂಬೈಗೆ ಏಕಕಾಲದಲ್ಲಿ ವಿದ್ಯುತ್ ಕೈಕೊಟ್ಟಿತ್ತು. ಲೋಕಲ್ ರೈಲುಗಳು ನಡುದಾರಿಯಲ್ಲೇ ನಿಂತವು. ಏನೋ ಕೆಟ್ಟಿದೆ ಎಂಬುದು ಎಲ್ಲರಿಗೂ ತಕ್ಷಣ ಗೊತ್ತಾಯಿತು. ಆದರೆ ಸರ್ವರ್‌ನ ಒಳಗಿನ ಮೆಮೊರಿಯಲ್ಲಿ ಒಂದು ಸಣ್ಣ ಜಾಗ ಕೆಟ್ಟರೆ ಹಾಗಾಗುವುದಿಲ್ಲ. ಅದನ್ನು ಯಂತ್ರವೇ ಪತ್ತೆ ಹಚ್ಚಬೇಕು, ಯಂತ್ರವೇ ಹೇಳಬೇಕು. ಹೇಳುವ ಉತ್ತರವೇ ತಪ್ಪಾದರೆ? ಲಿನಕ್ಸ್ ಆಪರೇಟಿಂಗ್ ಸಿಸ್ಟಂನಲ್ಲಿ ಆಗಿದ್ದು ಅದೇ. ಕೆಟ್ಟ ಮೆಮೊರಿಯನ್ನು ನಿಭಾಯಿಸುವ ಕೋಡ್ ಒಂದು ಸಂದರ್ಭದಲ್ಲಿ 'ಸೊನ್ನೆ' ಎಂದು ಉತ್ತರಿಸುತ್ತಿತ್ತು. ಅದರರ್ಥ 'ಎಲ್ಲ ಸರಿಯಾಗಿದೆ'. ವಾಸ್ತವದಲ್ಲಿ ಏನೂ ಸರಿಯಾಗಿರಲಿಲ್ಲ. 2021ರಲ್ಲಿ ಇದನ್ನು ತಿದ್ದಲಾಯಿತು. ಈ ಕುರಿತ ಮಾಹಿತಿ ಇಲ್ಲಿದೆ.

ಮೆಮೊರಿ ಕೆಡುವುದು ಯಾಕೆ?

ಕಂಪ್ಯೂಟರ್‌ನ ರ‍್ಯಾಮ್‌ನಲ್ಲಿ ಪ್ರತಿಯೊಂದು ಮಾಹಿತಿಯೂ 0 ಅಥವಾ 1 ಎಂಬ ಬಿಟ್‌ಗಳ ರೂಪದಲ್ಲಿರುತ್ತದೆ. ಒಂದೊಂದು ಬಿಟ್ ಎಂದರೆ ಅತಿ ಸಣ್ಣ ಕೋಶದಲ್ಲಿ ಹಿಡಿದಿಟ್ಟ ಚೂರು ವಿದ್ಯುದಾವೇಶ. ಅದು ಸೋರಿಹೋಗುವ ಕಾರಣ ಸೆಕೆಂಡಿಗೆ ಹಲವು ಬಾರಿ ಮತ್ತೆ ತುಂಬುತ್ತಲೇ ಇರಬೇಕು. ಚಿಪ್ ಹಳತಾದರೆ, ತಯಾರಿಕೆಯಲ್ಲಿ ದೋಷವಿದ್ದರೆ ಅಥವಾ ಹೊರಗಿನಿಂದ ಶಕ್ತಿಶಾಲಿ ಕಣವೊಂದು ಬಂದು ಬಡಿದರೆ 0 ಇದ್ದದ್ದು 1 ಆಗಬಹುದು, 1 ಇದ್ದದ್ದು 0 ಆಗಬಹುದು.

ಇಂಟೆಲ್‌ನ ತಿಮೋತಿ ಮೇ ಮತ್ತು ಮರ‍್ರೆ ವುಡ್ಸ್ 1970ರ ದಶಕದ ಕೊನೆಯಲ್ಲಿ ಒಂದು ಸಂಗತಿಯನ್ನು ಪತ್ತೆ ಮಾಡಿದರು. ಚಿಪ್‌ಗಳ ಹೊರಕವಚದಲ್ಲಿದ್ದ ಅತ್ಯಲ್ಪ ವಿಕಿರಣಶೀಲ ವಸ್ತುವಿನಿಂದ ಹೊರಬಂದ ಆಲ್ಫಾ ಕಣಗಳೇ ಬಿಟ್‌ಗಳನ್ನು ಬದಲಿಸುತ್ತಿದ್ದವು. ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣಗಳಿಂದಲೂ ಹೀಗಾಗುತ್ತದೆ ಎಂಬುದು ನಂತರ ಖಚಿತವಾಯಿತು.

ಕಾಸ್ಮಿಕ್ ಕಿರಣ ಎಂದರೆ ಕರ್ನಾಟಕದವರಿಗೆ ಕೋಲಾರದ ಚಿನ್ನದ ಗಣಿ ನೆನಪಾಗಬೇಕು. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ವಿದೇಶಿ ವಿಜ್ಞಾನಿಗಳ ಜತೆಗೂಡಿ 1965ರಲ್ಲಿ ಅಲ್ಲಿನ ಚಾಂಪಿಯನ್ ರೀಫ್ ಗಣಿಯ 2 ಕಿ.ಮೀ.ಗೂ ಹೆಚ್ಚು ಆಳದಲ್ಲಿ ವಾತಾವರಣದ ನ್ಯೂಟ್ರಿನೊಗಳನ್ನು ಪತ್ತೆ ಮಾಡಿದ್ದರು. ಅಷ್ಟು ಆಳಕ್ಕೆ ಇಳಿದಿದ್ದಕ್ಕೆ ಕಾರಣ ಸರಳ. ಮೇಲಿರುವ ಬಂಡೆ ಉಳಿದ ಕಾಸ್ಮಿಕ್ ಕಿರಣಗಳನ್ನು ತಡೆಯುತ್ತದೆ. ಐರೋಲಿಯ ಸರ್ವರ್‌ಗೆ ಅಂಥ ಬಂಡೆಯ ರಕ್ಷಣೆ ಇಲ್ಲ.

ಹಾಗೆಂದು ಎಲ್ಲ ದೋಷವನ್ನೂ ಆಕಾಶದ ಮೇಲೆ ಹೊರಿಸುವಂತಿಲ್ಲ. ಗೂಗಲ್ ತನ್ನ ಸರ್ವರ್‌ಗಳನ್ನು ಎರಡೂವರೆ ವರ್ಷ ಗಮನಿಸಿದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ವರ್ಷಕ್ಕೆ ಸುಮಾರು ಮೂರನೇ ಒಂದು ಭಾಗದಷ್ಟು ಯಂತ್ರಗಳಲ್ಲಿ ಸರಿಪಡಿಸಬಹುದಾದ ಮೆಮೊರಿ ದೋಷ ಕಾಣಿಸಿಕೊಂಡಿತ್ತು. ಸುಮಾರು ಶೇ.1.3ರಷ್ಟು ಯಂತ್ರಗಳಲ್ಲಿ ಸರಿಪಡಿಸಲಾಗದ ದೋಷ ಬಂದಿತ್ತು. ಅಲ್ಲಿ ಕಂಡ ದೋಷಗಳಲ್ಲಿ ಹೆಚ್ಚಿನವು ಕಿರಣದ ಹೊಡೆತಕ್ಕಿಂತ ಚಿಪ್ ಹಾಳಾಗಿದ್ದರ ಲಕ್ಷಣ ತೋರಿದ್ದವು.

ಒಂದು ಬಿಟ್‌ನಿಂದ ಏನಾಗುತ್ತದೆ?

ಮೆಮೊರಿಯಲ್ಲಿ 5,000 ಎಂಬ ಸಂಖ್ಯೆ ಇದೆ ಎಂದುಕೊಳ್ಳಿ. ಅದರಲ್ಲಿ 4,096ರ ಬೆಲೆಯ ಒಂದು ಬಿಟ್ 1ರಿಂದ 0ಗೆ ಬದಲಾದರೆ ಉಳಿಯುವುದು ಕೇವಲ 904. ಬ್ಯಾಂಕ್‌ಗಳಲ್ಲಿ ಇಂಥ ತಪ್ಪು ಹಿಡಿಯಲು ಬೇರೆ ಬೇರೆ ಹಂತದ ತಪಾಸಣೆ ಇರುತ್ತದೆ ನಿಜ. ಆದರೆ ಎಲ್ಲ ಕಡೆಯೂ ಇರುವುದಿಲ್ಲ.

2003ರ ಮೇ ತಿಂಗಳಲ್ಲಿ ಬೆಲ್ಜಿಯಂನ ಸ್ಕಾರ್‌ಬೇಕ್‌ನಲ್ಲಿ ನಡೆದ ಚುನಾವಣೆಯಲ್ಲಿ ಅಭ್ಯರ್ಥಿಯೊಬ್ಬರಿಗೆ ಬರಬೇಕಾದುದಕ್ಕಿಂತ 4,096 ಮತ ಹೆಚ್ಚು ಬಂದಿತ್ತು. ಸಾಧ್ಯವೇ ಇಲ್ಲದಷ್ಟು ಮತ ಬಂದಿದ್ದರಿಂದ ಅನುಮಾನ ಹುಟ್ಟಿ ಮರು ಎಣಿಕೆ ನಡೆಯಿತು. 4,096 ಎಂಬುದು ಸರಿಯಾಗಿ ಒಂದು ಬಿಟ್‌ನ ಬೆಲೆ. ಹೀಗಾಗಿ ಮೆಮೊರಿಯ ಒಂದು ಬಿಟ್ ತಾನಾಗಿಯೇ ಬದಲಾಗಿರಬೇಕು ಎಂಬ ವಿವರಣೆ ನೀಡಲಾಯಿತು.

ಮೊದಲ ಕಾವಲು ಇಸಿಸಿ

ಇದಕ್ಕೆಂದೇ ಸರ್ವರ್‌ಗಳಲ್ಲಿ ಇಸಿಸಿ ಮೆಮೊರಿ ಬಳಸುತ್ತಾರೆ. ಬೆಲ್ ಲ್ಯಾಬ್ಸ್‌ನ ರಿಚರ್ಡ್ ಹ್ಯಾಮಿಂಗ್ 1950ರಲ್ಲಿ ಪ್ರಕಟಿಸಿದ ಗಣಿತ ಇದರ ಮೂಲ. 64 ಬಿಟ್ ಮಾಹಿತಿಯ ಜತೆಗೆ 8 ಬಿಟ್ ಲೆಕ್ಕ ತಾಳೆ ನೋಡುವುದಕ್ಕೇ ಮೀಸಲು. ಒಂದು ಬಿಟ್ ಕೆಟ್ಟರೆ ಯಾವುದು ಕೆಟ್ಟಿದೆ ಎಂದು ಗುರುತಿಸಿ ತಿದ್ದಬಹುದು. ಎರಡು ಬಿಟ್ ಕೆಟ್ಟರೆ ತಿದ್ದಲಾಗದು, ಆದರೆ ಕೆಟ್ಟಿದೆ ಎಂದಷ್ಟು ಹೇಳಬಹುದು. ಇಂದಿನ ದೊಡ್ಡ ಸರ್ವರ್‌ಗಳಲ್ಲಿ ಇದಕ್ಕಿಂತ ಬಲವಾದ ವಿಧಾನಗಳೂ ಇವೆ.

ತಿದ್ದಲಾಗದ ದೋಷ ಬಂದಾಗ ಹಾರ್ಡ್‌ವೇರ್ ಕೈಚೆಲ್ಲುತ್ತದೆ. ಮುಂದಿನ ಹೊಣೆ ಆಪರೇಟಿಂಗ್ ಸಿಸ್ಟಂನದ್ದು.

ಲಿನಕ್ಸ್ ಏನು ಮಾಡುತ್ತದೆ?

ಹಿಂದೆ ಇಂಥ ದೋಷ ಬಂದರೆ ಇಡೀ ಯಂತ್ರವನ್ನೇ ನಿಲ್ಲಿಸಿಬಿಡುವುದು ವಾಡಿಕೆಯಾಗಿತ್ತು. ಒಂದು ಸರ್ವರ್‌ನಲ್ಲಿ ಹತ್ತಾರು ಗ್ರಾಹಕರ ಕೆಲಸ ನಡೆಯುವ ಕಾಲದಲ್ಲಿ ಇದು ದುಬಾರಿ. 2009ರ ಡಿಸೆಂಬರ್‌ನಲ್ಲಿ ಬಂದ ಲಿನಕ್ಸ್ 2.6.32ರಲ್ಲಿ 'ಹಾರ್ಡ್‌ವೇರ್ ಪಾಯ್ಸನ್' ಎಂಬ ವ್ಯವಸ್ಥೆ ಸೇರಿತು. ಇಂಟೆಲ್‌ನ ಆ್ಯಂಡಿ ಕ್ಲೀನ್ ಮತ್ತು ಫೆಂಗ್ವಾಂಗ್ ವು ಇದನ್ನು ರೂಪಿಸಿದವರಲ್ಲಿ ಪ್ರಮುಖರು. ಕೆಟ್ಟ ಜಾಗವನ್ನು 'ವಿಷ' ಎಂದು ಗುರುತಿಸಿ ದೂರ ಇಡುವುದು, ಉಳಿದ ಯಂತ್ರವನ್ನು ಓಡಿಸುವುದು ಇದರ ಉದ್ದೇಶ.

ಲಿನಕ್ಸ್ ಸಾಮಾನ್ಯವಾಗಿ ಮೆಮೊರಿಯನ್ನು 4 ಕೆಬಿ ಗಾತ್ರದ ಪುಟಗಳಾಗಿ ಹಂಚಿಕೊಳ್ಳುತ್ತದೆ. 16 ಜಿಬಿ ರ‍್ಯಾಮ್ ಎಂದರೆ ಸುಮಾರು 42 ಲಕ್ಷ ಪುಟ. ಅದರಲ್ಲಿ ಒಂದು ಪುಟ ಕೆಟ್ಟಿತು ಎಂದಾಗ ಮೂರು ಸಾಧ್ಯತೆಗಳಿವೆ.

ಒಂದು, ಆ ಪುಟದಲ್ಲಿರುವುದೆಲ್ಲ ಡಿಸ್ಕ್‌ನಲ್ಲೂ ಇದೆ. ಆಗ ಪುಟವನ್ನು ಬಿಟ್ಟುಬಿಟ್ಟರಾಯಿತು, ಬೇಕಾದಾಗ ಡಿಸ್ಕ್‌ನಿಂದ ಮತ್ತೆ ಓದಿಕೊಳ್ಳಬಹುದು. ಯಾರಿಗೂ ನಷ್ಟವಿಲ್ಲ.

ಎರಡು, ಪ್ರೋಗ್ರಾಂ ಅದರಲ್ಲಿ ಹೊಸದೇನೋ ಬರೆದಿದೆ, ಬೇರೆಲ್ಲೂ ಪ್ರತಿ ಇಲ್ಲ. ಆಗ 'ನಿನ್ನ ಮಾಹಿತಿ ಹಾಳಾಗಿದೆ' ಎಂದು 'ಸಿಗ್‌ಬಸ್' ಎಂಬ ಸಂಕೇತವನ್ನು ಆ ಪ್ರೋಗ್ರಾಂಗೆ ಕಳಿಸಲಾಗುತ್ತದೆ. ಅದನ್ನು ನಿಭಾಯಿಸುವ ಸಿದ್ಧತೆ ಇಲ್ಲದ ಪ್ರೋಗ್ರಾಂ ಅಲ್ಲಿಗೇ ಕೊನೆಯಾಗುತ್ತದೆ. ತಪ್ಪು ಲೆಕ್ಕ ಮುಂದುವರಿಸುವುದಕ್ಕಿಂತ ನಿಲ್ಲುವುದು ಲೇಸು.

ಮೂರು, ಪುಟ ಕರ್ನಲ್‌ನ ಸ್ವಂತದ್ದು. ಅದನ್ನು ಬಿಡಿಸಿಕೊಳ್ಳುವುದು ಬಹಳ ಸಲ ಸಾಧ್ಯವೇ ಇಲ್ಲ.

ಏನಿದು ರಿಟರ್ನ್ ವ್ಯಾಲ್ಯೂ?

ಪ್ರೋಗ್ರಾಂ ಎಂದರೆ ಸಣ್ಣ ಸಣ್ಣ ಫಂಕ್ಷನ್‌ಗಳ ಸರಪಳಿ. ಒಂದು ಫಂಕ್ಷನ್ ಇನ್ನೊಂದಕ್ಕೆ ಕೆಲಸ ಒಪ್ಪಿಸುತ್ತದೆ, ಅದು ಮುಗಿಸಿ ಒಂದು ಸಂಖ್ಯೆಯನ್ನು ವಾಪಸ್ ಕೊಡುತ್ತದೆ. ಆ ಉತ್ತರವೇ ರಿಟರ್ನ್ ವ್ಯಾಲ್ಯೂ.

ಲಿನಕ್ಸ್ ಕರ್ನಲ್‌ನಲ್ಲಿ ಸಾಮಾನ್ಯ ಪದ್ಧತಿ ಹೀಗಿದೆ: ಕೆಲಸ ಆದರೆ 0, ಆಗದಿದ್ದರೆ ಋಣ ಸಂಖ್ಯೆ. ಮೆಮೊರಿ ಸಾಲದಿದ್ದರೆ -12, ಬೇಕಾದದ್ದು ಬೇರೆಯವರ ಬಳಕೆಯಲ್ಲಿದ್ದರೆ -16, ಹೀಗೆ. ಸರಿಯಾಗುವುದು ಒಂದೇ ಬಗೆ, ಕೆಡುವುದು ನೂರು ಬಗೆ. ಅದಕ್ಕೇ ಯಶಸ್ಸಿಗೆ ಒಂದು ಸೊನ್ನೆ ಸಾಕು, ವೈಫಲ್ಯಕ್ಕೆ ಮಾತ್ರ ಹಲವು ಸಂಖ್ಯೆಗಳು ಬೇಕು.

ಕೇಳಿದ ಫಂಕ್ಷನ್‌ಗೆ ಒಳಗೆ ಏನು ನಡೆಯಿತೆಂದು ಗೊತ್ತಿರುವುದಿಲ್ಲ. ಅದಕ್ಕೆ ಸಿಗುವುದು ಆ ಒಂದು ಸಂಖ್ಯೆ ಮಾತ್ರ. ಅದನ್ನು ನಂಬಿಯೇ ಅದು ಮುಂದಿನ ಹೆಜ್ಜೆ ಇಡುತ್ತದೆ.

ಎಡವಿದ್ದು ಎಲ್ಲಿ?

ಕೆಟ್ಟ ಪುಟವನ್ನು ನಿಭಾಯಿಸುವ ಮುಖ್ಯ ಫಂಕ್ಷನ್‌ನ ಹೆಸರು 'ಮೆಮೊರಿ ಫೇಲ್ಯೂರ್'. ಪ್ರೊಸೆಸರ್ ದೋಷ ವರದಿ ಮಾಡಿದಾಗ 'ಕಿಲ್ ಮಿ ಮೇಬಿ' ಎಂಬ ಇನ್ನೊಂದು ಫಂಕ್ಷನ್ ಇದನ್ನು ಕರೆಯುತ್ತದೆ. ಹೆಸರೇ ಹೇಳುವಂತೆ, ಉತ್ತರ ನೋಡಿಕೊಂಡು ಪ್ರೋಗ್ರಾಂ ಅನ್ನು ನಿಲ್ಲಿಸಬೇಕೋ ಬೇಡವೋ ಎಂದು ತೀರ್ಮಾನಿಸುವುದು ಇದರ ಕೆಲಸ.

ಈಗ 'ಅ' ಮತ್ತು 'ಆ' ಎಂಬ ಎರಡು ಪ್ರೋಗ್ರಾಂಗಳು ಬೇರೆ ಬೇರೆ ಪ್ರೊಸೆಸರ್ ಕೋರ್‌ಗಳ ಮೇಲೆ ಓಡುತ್ತ ಒಂದೇ ಪುಟವನ್ನು ಬಳಸುತ್ತಿವೆ ಎಂದುಕೊಳ್ಳಿ. ಆ ಪುಟ ಕೆಡುತ್ತದೆ. 'ಅ' ಅದನ್ನು ಮುಟ್ಟಿದ ಕೂಡಲೇ ದೋಷದ ವರದಿ ಬರುತ್ತದೆ. ಮೆಮೊರಿ ಫೇಲ್ಯೂರ್ ಪುಟಕ್ಕೆ ವಿಷದ ಗುರುತು ಹಾಕಿ ಕೆಲಸ ಶುರು ಮಾಡುತ್ತದೆ. ಅದು ಮುಗಿಯುವ ಮೊದಲೇ 'ಆ' ಕೂಡ ಅದೇ ಪುಟವನ್ನು ಮುಟ್ಟುತ್ತದೆ. ಎರಡನೇ ವರದಿ ಬರುತ್ತದೆ. ಮೆಮೊರಿ ಫೇಲ್ಯೂರ್ ನೋಡುತ್ತದೆ: ಗುರುತು ಆಗಲೇ ಇದೆ. ಹಾಗಾದರೆ ಮಾಡುವುದೇನೂ ಇಲ್ಲ ಎಂದು 0 ಎಂದು ಉತ್ತರಿಸುತ್ತದೆ.

0 ಎಂದರೆ ಯಶಸ್ಸು. ಹಾಗಾಗಿ ಕಿಲ್ ಮಿ ಮೇಬಿ 'ಆ'ಗೆ ಸಂಕೇತ ಕಳಿಸದೆ ಸುಮ್ಮನಾಗುತ್ತದೆ. 'ಆ' ನಿಂತಲ್ಲಿಂದಲೇ ಮುಂದುವರಿಯಲು ಹೋಗಿ ಅದೇ ಸೂಚನೆಯನ್ನು ಮತ್ತೆ ನಡೆಸುತ್ತದೆ, ಅದೇ ಕೆಟ್ಟ ಪುಟವನ್ನು ಮತ್ತೆ ಮುಟ್ಟುತ್ತದೆ. ಮತ್ತೆ ವರದಿ, ಮತ್ತೆ 0, ಮತ್ತೆ ಅದೇ ಪುಟ. ಹೊರಬರಲಾಗದ ಸುಳಿ.

ಊರಿನ ಲೆಕ್ಕದಲ್ಲಿ ಹೇಳುವುದಾದರೆ, ಹೌಸಿಂಗ್ ಸೊಸೈಟಿಯ ಮೆಟ್ಟಿಲೊಂದು ಮುರಿದಿದೆ. ಮೊದಲ ನಿವಾಸಿ ವಾಚ್‌ಮನ್‌ಗೆ ಹೇಳುತ್ತಾರೆ, ಅವನು ರಿಜಿಸ್ಟರ್‌ನಲ್ಲಿ ಬರೆದುಕೊಳ್ಳುತ್ತಾನೆ. ಎರಡನೆಯವರು ಬಂದು ಹೇಳಿದಾಗ ರಿಜಿಸ್ಟರ್ ನೋಡಿ 'ಆಗಿದೆ, ಹೋಗಿ' ಎನ್ನುತ್ತಾನೆ. ಅವನ ಮಟ್ಟಿಗೆ ಆಗಿರುವುದು ಬರೆದುಕೊಳ್ಳುವ ಕೆಲಸ. ಕೇಳಿದವರಿಗೆ ಅನಿಸುವುದು ಮೆಟ್ಟಿಲು ರಿಪೇರಿಯಾಗಿದೆ ಎಂದು. ಅವರು ಹೋಗಿ ಬೀಳುತ್ತಾರೆ.

ದೂರು ದಾಖಲಾಗಿದೆ ಎನ್ನುವುದಕ್ಕೂ ದೂರು ಬಗೆಹರಿದಿದೆ ಎನ್ನುವುದಕ್ಕೂ ಇರುವ ವ್ಯತ್ಯಾಸ ಇದು. ಎರಡಕ್ಕೂ ಒಂದೇ ಸೊನ್ನೆ ಬಳಸಿದ್ದೇ ಎಡವಟ್ಟಿಗೆ ಕಾರಣ.

2021ರಲ್ಲಿ ಸರಿಪಡಿಸಿದ್ದು ಹೇಗೆ?

2021ರ ಜೂನ್‌ನಲ್ಲಿ ಲಿನಕ್ಸ್ ಕರ್ನಲ್‌ಗೆ ಇದಕ್ಕೆ ಸಂಬಂಧಿಸಿದ ಮೂರು ತಿದ್ದುಪಡಿಗಳು ಸೇರಿದವು.

ಇಂಟೆಲ್‌ನ ಟೋನಿ ಲಕ್ ಮಾಡಿದ ಬದಲಾವಣೆ ಒಂದು ಬೀಗ. ಒಬ್ಬರು ಕೆಟ್ಟ ಪುಟವನ್ನು ನಿಭಾಯಿಸುತ್ತಿರುವಾಗ ಇನ್ನೊಬ್ಬರು ಅರ್ಧದಲ್ಲಿ ನುಗ್ಗದಂತೆ, ಸರದಿಗಾಗಿ ಕಾಯುವಂತೆ ಇದು ಮಾಡುತ್ತದೆ.

ಕಿಂಗ್‌ಸಾಫ್ಟ್‌ನ ಐಲಿ ಯಾವೊ ಉತ್ತರವನ್ನೇ ಬದಲಿಸಿದರು. ಪುಟಕ್ಕೆ ಮೊದಲೇ ವಿಷದ ಗುರುತು ಬಿದ್ದಿದ್ದರೆ 0 ಎನ್ನಬಾರದು. 'ಇದು ಆಗಲೇ ಕೆಟ್ಟಿರುವ ಪುಟ' ಎಂದೇ ಹೇಳಬೇಕು. ಅದಕ್ಕೆ ಮೀಸಲಾದ ಸಂಖ್ಯೆ ಕರ್ನಲ್‌ನಲ್ಲಿ ಮೊದಲೇ ಇತ್ತು: 133, ಅಂದರೆ 'ಮೆಮೊರಿ ಪುಟದಲ್ಲಿ ಹಾರ್ಡ್‌ವೇರ್ ದೋಷವಿದೆ'. ಪದ್ಧತಿಯಂತೆ ಅದನ್ನು -133 ಎಂದು ಕೊಡಲಾಗುತ್ತದೆ.

ಉತ್ತರ ನಿಜವಾದರಷ್ಟೇ ಸಾಲದು, ಮುಂದಿನ ಕ್ರಮವೂ ಬೇಕಲ್ಲ? ಎನ್‌ಇಸಿಯ ನವೋಯಾ ಹೊರಿಗುಚಿ ಆ ಕೆಲಸ ಮಾಡಿದರು. ಎರಡನೇ ವರದಿ ಬಂದಾಗ ಆ ಪ್ರೋಗ್ರಾಂನ ವಿಳಾಸ ಪಟ್ಟಿಯಲ್ಲಿ ಕೆಟ್ಟ ಪುಟ ಎಲ್ಲಿದೆ ಎಂದು ಹುಡುಕಿ, ಆ ವಿಳಾಸದ ಸಮೇತ ಸಿಗ್‌ಬಸ್ ಸಂಕೇತ ಕಳಿಸುವ ವ್ಯವಸ್ಥೆ ಬಂತು. ತನ್ನ ಯಾವ ಭಾಗ ಹಾಳಾಗಿದೆ ಎಂದು ಪ್ರೋಗ್ರಾಂಗೆ ಗೊತ್ತಾದರೆ ಅಷ್ಟನ್ನು ಬಿಟ್ಟು ಬದುಕಿಕೊಳ್ಳುವ ಅವಕಾಶವಾದರೂ ಇರುತ್ತದೆ.

ತಪ್ಪು ಇನ್ನೊಂದು ದಿಕ್ಕಿನಲ್ಲೂ ಆಗಬಹುದು

ಕೆಟ್ಟಿದ್ದನ್ನು ಸರಿ ಎಂದರೆ ಹೀಗಾಗುತ್ತದೆ. ಸರಿ ಇರುವುದನ್ನು ಕೆಟ್ಟಿದೆ ಎಂದರೆ? 2025ರಲ್ಲಿ ಅಲಿಬಾಬಾದ ಎಂಜಿನಿಯರ್ ಒಬ್ಬರ ತಿದ್ದುಪಡಿ ಇದಕ್ಕೆ ಸಂಬಂಧಿಸಿದ್ದು.

ಮೆಮೊರಿ ದೋಷವನ್ನು ಕೆಲವೊಮ್ಮೆ ಎರಡು ಕಡೆಯಿಂದ ವರದಿ ಮಾಡಲಾಗುತ್ತದೆ. ಮೆಮೊರಿ ನಿಯಂತ್ರಕ ಒಂದು ಕಡೆ, ಪುಟವನ್ನು ಓದಲು ಹೊರಟ ಪ್ರೊಸೆಸರ್ ಕೋರ್ ಇನ್ನೊಂದು ಕಡೆ. ನಿಯಂತ್ರಕದ ವರದಿ ಮೊದಲು ಬಂತು ಎನ್ನಿ. ಪುಟದ ಪ್ರತಿ ಡಿಸ್ಕ್‌ನಲ್ಲಿದೆ, ಆದ್ದರಿಂದ ಕರ್ನಲ್ ಅದನ್ನು ಬಿಟ್ಟುಬಿಡುತ್ತದೆ. ಸಮಸ್ಯೆ ಮುಗಿಯಿತು. ಅಷ್ಟರಲ್ಲಿ ಕೋರ್‌ನ ವರದಿ ಬರುತ್ತದೆ. ಕರ್ನಲ್ ಆ ಪ್ರೋಗ್ರಾಂನ ಪಟ್ಟಿಯಲ್ಲಿ ವಿಷದ ಪುಟ ಹುಡುಕುತ್ತದೆ, ಸಿಗುವುದಿಲ್ಲ. ಸಿಗದಿರುವುದು ಒಳ್ಳೆಯ ಸುದ್ದಿ. ಆದರೆ ಹುಡುಕುವ ಫಂಕ್ಷನ್ 'ಸಿಗಲಿಲ್ಲ' ಎಂಬುದನ್ನು ವೈಫಲ್ಯದ ಸಂಖ್ಯೆಯಾಗಿ ಕೊಡುತ್ತಿತ್ತು. ಕರೆದವರು ಅದನ್ನು ನಂಬಿ, ಏನೂ ನಷ್ಟವಾಗದ ಪ್ರೋಗ್ರಾಂಗೂ ಸಿಗ್‌ಬಸ್ ಕಳಿಸುತ್ತಿದ್ದರು. ಇಂಥ ಸಂದರ್ಭದಲ್ಲಿ 0 ಎನ್ನುವುದೇ ಸರಿ ಎಂದು ತಿದ್ದಲಾಯಿತು.

ಅಂದರೆ 2021ರಲ್ಲಿ ಸೊನ್ನೆ ತೆಗೆದು ದೋಷದ ಸಂಖ್ಯೆ ಹಾಕಿದ್ದು ಎಷ್ಟು ಸರಿಯೋ, 2025ರಲ್ಲಿ ದೋಷದ ಸಂಖ್ಯೆ ತೆಗೆದು ಸೊನ್ನೆ ಹಾಕಿದ್ದೂ ಅಷ್ಟೇ ಸರಿ. ಎರಡೂ ಕಡೆ ಬೇಕಾಗಿದ್ದುದು ನಡೆದದ್ದನ್ನು ನಡೆದಂತೆ ಹೇಳುವ ಉತ್ತರ.

ನವಿ ಮುಂಬೈಗೆ ಇದು ಯಾಕೆ ಮುಖ್ಯ?

ಒಂದು ಸಣ್ಣ ಲೆಕ್ಕ ಹಾಕೋಣ. ಗೂಗಲ್ ಅಧ್ಯಯನದ ಶೇ.1.3ರ ಪ್ರಮಾಣವನ್ನೇ ಹಿಡಿದರೆ, 10,000 ಸರ್ವರ್ ಇರುವ ಕಡೆ ವರ್ಷಕ್ಕೆ 130 ಯಂತ್ರಗಳಲ್ಲಿ ತಿದ್ದಲಾಗದ ಮೆಮೊರಿ ದೋಷ ಬರಬಹುದು. ಹೆಚ್ಚು ಕಡಿಮೆ ಮೂರು ದಿನಕ್ಕೊಂದು. ಮನೆಯ ಕಂಪ್ಯೂಟರ್‌ಗೆ ಅಪರೂಪವಾದದ್ದು ಡೇಟಾ ಸೆಂಟರ್‌ಗೆ ವಾರದ ಕೆಲಸ.

ಭಾರತೀಯ ಸ್ಟೇಟ್ ಬ್ಯಾಂಕ್‌ನ ಜಾಗತಿಕ ಐಟಿ ಕೇಂದ್ರ ಇರುವುದು ನವಿ ಮುಂಬೈನ ಸಿಬಿಡಿ ಬೇಲಾಪುರದಲ್ಲಿ. 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಎಸ್‌ಬಿಐನಲ್ಲಿ ವಿಲೀನವಾಯಿತು. 'ಮೈಸೂರು ಬ್ಯಾಂಕ್' ಎಂದೇ ಕರೆಯುತ್ತಿದ್ದ ಶಾಖೆಯಲ್ಲಿ ಖಾತೆ ಇಟ್ಟಿದ್ದ ಹಾಸನ, ಮಂಡ್ಯದ ಗ್ರಾಹಕರೂ ಅಂದಿನಿಂದ ಎಸ್‌ಬಿಐ ಗ್ರಾಹಕರು. ಊರಿನ ಹಣದ ಲೆಕ್ಕ ಎಷ್ಟೋ ದೂರದ ಯಂತ್ರಗಳನ್ನು ನಂಬಿಕೊಂಡಿರುವ ಕಾಲವಿದು. ಆ ಯಂತ್ರಗಳು ತಮ್ಮ ದೋಷವನ್ನು ತಾವೇ ಸರಿಯಾಗಿ ಹೇಳಿಕೊಳ್ಳಬೇಕು.

ಪೂರ್ತಿ ಕೆಟ್ಟು ನಿಂತ ಸರ್ವರ್‌ನ ಕೆಲಸವನ್ನು ಇನ್ನೊಂದು ಸರ್ವರ್ ವಹಿಸಿಕೊಳ್ಳುವ ಏರ್ಪಾಡು ಇರುತ್ತದೆ. ಕಷ್ಟ ಕೊಡುವುದು ನಿಲ್ಲದೆ, ನಡೆಯದೆ, ಸುಳಿಯಲ್ಲಿ ಸಿಕ್ಕಿಕೊಂಡ ಸರ್ವರ್. ಅದು ಬದುಕಿದೆ ಎಂದುಕೊಂಡು ಕೆಲಸ ಕಳಿಸುತ್ತಲೇ ಇರುತ್ತಾರೆ, ಉತ್ತರ ಮಾತ್ರ ಬರುವುದಿಲ್ಲ.

ಈ ಕ್ಷೇತ್ರದಲ್ಲಿರುವವರು ಗಮನಿಸಬೇಕಾದ ಅಂಶಗಳು

* ಲಿನಕ್ಸ್‌ನ ಮೆಮೊರಿ ಮಾಹಿತಿ ಪಟ್ಟಿಯಲ್ಲಿ 'ಹಾರ್ಡ್‌ವೇರ್ ಕರಪ್ಟೆಡ್' ಎಂಬ ಸಾಲು ಇರುತ್ತದೆ. ದೂರ ಇಟ್ಟಿರುವ ಕೆಟ್ಟ ಮೆಮೊರಿ ಎಷ್ಟು ಎಂಬುದು ಅಲ್ಲಿ ಕಾಣುತ್ತದೆ. ಸೊನ್ನೆ ಅಲ್ಲದಿದ್ದರೆ ಗಮನ ಕೊಡಬೇಕು.

* ತಿದ್ದಬಹುದಾದ ದೋಷಗಳನ್ನೂ ಎಣಿಸಬೇಕು. ಒಂದೇ ಮೆಮೊರಿ ಪಟ್ಟಿಯಲ್ಲಿ ಅವು ಪದೇ ಪದೇ ಬರುತ್ತಿದ್ದರೆ ಅದನ್ನು ಬದಲಿಸುವ ಹೊತ್ತಾಗಿದೆ ಎಂದರ್ಥ. 'ರಾಸ್‌ಡೀಮನ್'ನಂಥ ಉಚಿತ ಸಾಧನಗಳು ಈ ಲೆಕ್ಕ ಇಡುತ್ತವೆ.

* ಹಳೆಯ ಕರ್ನಲ್ ಬಳಸುತ್ತಿದ್ದರೆ ಮೇಲಿನ ತಿದ್ದುಪಡಿಗಳು ಅದರಲ್ಲಿ ಸೇರಿವೆಯೇ ಎಂದು ಪರಿಶೀಲಿಸಬೇಕು.

* ಕೆಟ್ಟ ಪುಟವನ್ನು ಕೃತಕವಾಗಿ ಸೃಷ್ಟಿಸಿ ಪರೀಕ್ಷಿಸುವ ಸೌಲಭ್ಯ ಕರ್ನಲ್‌ನಲ್ಲೇ ಇದೆ. ನಿಜವಾದ ದೋಷ ಬರುವವರೆಗೆ ಕಾಯಬೇಕಿಲ್ಲ. ಆದರೆ ಪರೀಕ್ಷೆಗೆಂದೇ ಇಟ್ಟ ಯಂತ್ರದಲ್ಲಿ ಮಾತ್ರ ಮಾಡಬೇಕು.

* ಕೋಡಿಂಗ್ ಕಲಿಯುತ್ತಿರುವ ವಿದ್ಯಾರ್ಥಿಗಳು ಫಂಕ್ಷನ್ ಕೊಡುವ ಉತ್ತರವನ್ನು ನೋಡದೆ ಮುಂದೆ ಹೋಗುವ ಅಭ್ಯಾಸ ಬಿಡಬೇಕು. ತಾವು ಬರೆಯುವ ಫಂಕ್ಷನ್‌ನಲ್ಲಿ 0 ಎಂದರೆ ಏನು, ಉಳಿದ ಸಂಖ್ಯೆ ಎಂದರೆ ಏನು ಎಂಬುದನ್ನು ಅಲ್ಲೇ ಬರೆದಿಡಬೇಕು.

ಮನೆಯ ಲ್ಯಾಪ್‌ಟಾಪ್ ಕಥೆ ಏನು?

ಸಾಮಾನ್ಯ ಲ್ಯಾಪ್‌ಟಾಪ್, ಮೊಬೈಲ್‌ಗಳಲ್ಲಿ ಸರ್ವರ್ ಮಟ್ಟದ ಇಸಿಸಿ ಬಹುತೇಕ ಇರುವುದಿಲ್ಲ. ಮನೆಬಳಕೆಯ ಕಂಪ್ಯೂಟರ್‌ಗಳಿಗೆ ಇಸಿಸಿ ಸಿಗದಂತಾಗಿದ್ದಕ್ಕೆ ಲಿನಕ್ಸ್ ಸ್ಥಾಪಕ ಲಿನಸ್ ಟೊರ್ವಾಲ್ಡ್ಸ್ 2021ರ ಜನವರಿಯಲ್ಲಿ ಇಂಟೆಲ್ ವಿರುದ್ಧ ಕಟುವಾಗಿ ಹರಿಹಾಯ್ದಿದ್ದರು. ಹೊಸ ಡಿಡಿಆರ್5 ಮೆಮೊರಿಯ ಚಿಪ್ ಒಳಗೆ ಒಂದು ಮಟ್ಟದ ದೋಷ ತಿದ್ದುವ ವ್ಯವಸ್ಥೆ ಇದೆ. ಆದರೆ ಅದು ಸರ್ವರ್‌ನ ಇಸಿಸಿಗೆ ಸಮನಲ್ಲ. ಚಿಪ್‌ನಿಂದ ಪ್ರೊಸೆಸರ್‌ವರೆಗಿನ ದಾರಿಯಲ್ಲಿ ಆಗುವ ತಪ್ಪನ್ನು ಅದು ಹಿಡಿಯುವುದಿಲ್ಲ.

ಹೀಗಾಗಿ ಕಾರಣವಿಲ್ಲದೆ ಲ್ಯಾಪ್‌ಟಾಪ್ ಪದೇ ಪದೇ ನಿಂತರೆ, ಫೈಲ್‌ಗಳು ಹಾಳಾಗುತ್ತಿದ್ದರೆ ವೈರಸ್ ಒಂದನ್ನೇ ಅನುಮಾನಿಸಬೇಡಿ. ವಿಂಡೋಸ್‌ನಲ್ಲೇ ಇರುವ ಮೆಮೊರಿ ಪರೀಕ್ಷಾ ಸಾಧನವನ್ನು ಒಮ್ಮೆ ಓಡಿಸಿ ನೋಡಿ. ಮುಖ್ಯ ದಾಖಲೆ, ಫೋಟೊಗಳ ಇನ್ನೊಂದು ಪ್ರತಿಯನ್ನು ಬೇರೆ ಕಡೆ ಇಟ್ಟುಕೊಳ್ಳಿ. ಕೆಟ್ಟ ಪುಟದಲ್ಲಿದ್ದ ಮಾಹಿತಿ ಉಳಿಯುವುದು ಅದರ ಪ್ರತಿ ಬೇರೆಲ್ಲಾದರೂ ಇದ್ದಾಗ ಮಾತ್ರ. ಡೇಟಾ ಸೆಂಟರ್‌ಗೆ ಅನ್ವಯಿಸುವ ಈ ನಿಯಮ ಮನೆಗೂ ಅನ್ವಯಿಸುತ್ತದೆ.